ಸಾವಿರ ಎಲೆಯ ಲೆಕ್ಕ

ನಮ್ಮ ಕಡೆ ಮದುವೆಗೆ ಸಾವಿರ ಎಲೆ ಹಾಕಿಸುವುದು ಈಗ ದೊಡ್ಡ ಸುದ್ದಿಯಲ್ಲ. ಛತ್ರದಲ್ಲಿ ಮೂರು ಪಂಕ್ತಿ ಎದ್ದರೆ ಮುಗಿಯಿತು. ಭಾರತೀಯ ವಿದೇಶಾಂಗ ಸೇವೆಯ ಅಧಿಕಾರಿಗಳನ್ನೆಲ್ಲ ಊಟಕ್ಕೆ ಕರೆದರೂ ಆ ಮೂರು ಪಂಕ್ತಿಯೇ ಸಾಕು. 2023ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕೊಟ್ಟ ಲೆಕ್ಕದಂತೆ ಅವರು 1,011 ಮಂದಿ. ಪ್ರಪಂಚದ ಉದ್ದಗಲಕ್ಕೆ ಹರಡಿದ ಸುಮಾರು ಇನ್ನೂರು ರಾಯಭಾರ ಕಚೇರಿ, ಕಾನ್ಸುಲೇಟುಗಳಿಗೂ ಅವರೇ, ದೆಹಲಿಯ ಸಚಿವಾಲಯಕ್ಕೂ ಅವರೇ. ಸಚಿವಾಲಯದ ಸಹಾಯಕರು, ಸ್ಟೆನೋಗಳು, ಭಾಷಾಂತರಕಾರರನ್ನು ಸೇರಿಸಿದರೂ ಸಂಖ್ಯೆ ಐದು ಸಾವಿರದೊಳಗೇ ನಿಲ್ಲುತ್ತದೆ.

140 ಕೋಟಿಯನ್ನು ಸಾವಿರದಿಂದ ಭಾಗಿಸಿ ನೋಡಿದೆ. ಒಬ್ಬ ಅಧಿಕಾರಿಯ ಪಾಲಿಗೆ 14 ಲಕ್ಷ ಜನ ಬಂದರು. 2011ರ ಜನಗಣತಿಯಲ್ಲಿ ಇಡೀ ಕೊಪ್ಪಳ ಜಿಲ್ಲೆಯ ಜನಸಂಖ್ಯೆ ಹೆಚ್ಚುಕಡಿಮೆ ಅಷ್ಟೇ. ಈ ಲೆಕ್ಕ ಮಾಡಿದ ದಿನದಿಂದ ರಾಯಭಾರಿ ಎಂದಾಗ ನನ್ನ ಕಣ್ಣಿಗೆ ಕಟ್ಟುವ ಚಿತ್ರವೇ ಬೇರೆಯಾಗಿದೆ. ಔತಣಕೂಟ, ಹಸ್ತಲಾಘವ, ಕಾರಿನ ಮೇಲಿನ ಬಾವುಟ, ಇವೆಲ್ಲ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಸುಮಾರು ಮೂರು ವರ್ಷಕ್ಕೊಮ್ಮೆ ಊರು ಬದಲು. ಮೂವತ್ತೈದು ವರ್ಷದ ನೌಕರಿಯೆಂದರೆ ಹತ್ತು ಸಲಕ್ಕೂ ಮೇಲೆ ಪಾತ್ರೆಪಡಗ ಕಟ್ಟಿ ಬಿಚ್ಚಬೇಕು. ಮಕ್ಕಳು ಒಂದು ಶಾಲೆಯಲ್ಲಿ ಗೆಳೆಯರನ್ನು ಮಾಡಿಕೊಳ್ಳುವಷ್ಟರಲ್ಲಿ ಇನ್ನೊಂದು ಶಾಲೆಯ ದಾಖಲಾತಿ.

ಆ ಸಾವಿರದ ಸಾಲಿನಲ್ಲಿ ಕುಳಿತ ಮೊದಲ ಹೆಣ್ಣುಮಗಳು ನಮ್ಮ ಕೊಡಗಿನವರು. ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1948ರಲ್ಲಿ ಪರೀಕ್ಷೆ ಪಾಸಾದರು, 1949ರಲ್ಲಿ ಸೇವೆಗೆ ಸೇರಿದರು. ಮದುವೆಯಾದರೆ ಕೆಲಸ ಬಿಡುತ್ತೇನೆಂದು ಸೇರುವಾಗಲೇ ಮುಚ್ಚಳಿಕೆ ಬರೆದುಕೊಡಬೇಕಾಯಿತು. ಗಂಡಸರಿಂದ ಅಂಥ ಕಾಗದವನ್ನು ಯಾರೂ ಕೇಳುತ್ತಿರಲಿಲ್ಲ. ಹಂಗೆರಿಗೆ ರಾಯಭಾರಿಯಾಗಿ ಹೋಗುವ ಹೊತ್ತಿಗೆ 1970 ಬಂದಿತ್ತು. ಮುಂದೆ ಬಡ್ತಿ ತಪ್ಪಿಸಿದಾಗ ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಹೆಣ್ಣು ಗಂಡೆಂದು ಭೇದ ಮಾಡುವ ನಿಯಮಗಳನ್ನು ತಿದ್ದಿಕೊಳ್ಳಿ ಎಂದು ಸರ್ಕಾರಕ್ಕೆ ಹೇಳಿದರು. ಆ ಮುಚ್ಚಳಿಕೆಯಿಂದ ಈ ತೀರ್ಪಿಗೆ ಮೂವತ್ತು ವರ್ಷ. ಉಳಿದ ಸಂಖ್ಯೆಗಳು ನನಗೆ ಅಚ್ಚರಿ ತರುತ್ತವೆ, ಈ ಮೂವತ್ತು ಮಾತ್ರ ಸಿಟ್ಟು ತರಿಸುತ್ತದೆ.

ಇನ್ನು ಕುವೈತ್. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಅಲ್ಲಿಗೆ ನುಗ್ಗಿದಾಗ ಆ ಪುಟ್ಟ ದೇಶದಲ್ಲಿ ಸುಮಾರು 1.7 ಲಕ್ಷ ಭಾರತೀಯರಿದ್ದರು. 2011ರಲ್ಲಿ ಗದಗ-ಬೆಟಗೇರಿಯ ಜನಸಂಖ್ಯೆ 1.72 ಲಕ್ಷ. ಅವಳಿ ನಗರದ ಒಂದು ಮನೆಯನ್ನೂ ಬಿಡದೆ, ಬಾಣಂತಿ, ಮುದುಕ, ಅಂಗಡಿಯವ, ಮೇಷ್ಟ್ರು ಎಲ್ಲರೂ ಒಟ್ಟಿಗೆ ಬೀದಿಗೆ ಬಿದ್ದು, ಬ್ಯಾಂಕಿನ ಹಣ ಕೈಗೆ ಸಿಗದೆ, ಊರಿಗೆ ಹೋಗುವ ದಾರಿ ಯಾವುದು ಎಂದು ಒಂದೇ ಕಚೇರಿಯ ಬಾಗಿಲಿಗೆ ಬಂದರೆಂದುಕೊಳ್ಳಿ. ವಾಯುಮಾರ್ಗ ಮುಚ್ಚಿತ್ತು. ಉಳಿದದ್ದು ಮರುಭೂಮಿಯ ರಸ್ತೆ. ಕುವೈತ್‌ನಿಂದ ಬಸ್ರಾ, ಅಲ್ಲಿಂದ ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಅಮ್ಮಾನ್. ಹತ್ತಿರಹತ್ತಿರ 1,500 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ಭೋಪಾಲಿಗೆ ಬಸ್ಸಿನಲ್ಲಿ ಹೋದ ಹಾಗೆ, ಆಗಸ್ಟಿನ ಬಿಸಿಲಿನಲ್ಲಿ.

ಅಮ್ಮಾನಿನಿಂದ ಮುಂಬೈಗೆ 4,117 ಕಿಲೋಮೀಟರ್. ಆಗಸ್ಟ್ 13ರಿಂದ ಅಕ್ಟೋಬರ್ 11ರ ತನಕ, 59 ದಿನಗಳಲ್ಲಿ ಏರ್ ಇಂಡಿಯಾ 488 ಸಲ ಹಾರಿ 1,11,711 ಜನರನ್ನು ತಂದಿಳಿಸಿತು. ಹಗಲಿರುಳೆನ್ನದೆ ಹೆಚ್ಚುಕಡಿಮೆ ಮೂರು ಗಂಟೆಗೊಂದು ವಿಮಾನ, ಒಂದೊಂದರಲ್ಲೂ ಸರಾಸರಿ 229 ಮಂದಿ. ಗಿನ್ನೆಸ್ ದಾಖಲೆಯಲ್ಲಿ ಏರ್ ಇಂಡಿಯಾದ ಹೆಸರಿದೆ, ಇರಬೇಕಾದದ್ದೇ.

ನನ್ನ ಮನಸ್ಸು ಮಾತ್ರ ವಿಮಾನಕ್ಕಿಂತ ಮೊದಲಿನ ಒಂದು ಹಾಳೆಯ ಮೇಲೆ ನಿಲ್ಲುತ್ತದೆ. ಗಲ್ಫ್‌ನಲ್ಲಿ ಕೂಲಿಗೆ ಹೋದ ಎಷ್ಟೋ ಜನರ ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲಿ ಇರುತ್ತಿತ್ತು. ಮಾಲೀಕನೇ ಜೀವ ಉಳಿಸಿಕೊಳ್ಳಲು ಓಡಿಹೋದರೆ ಕೇಳುವುದು ಯಾರನ್ನು? ಅಂಥವರಿಗೆ ರಾಯಭಾರ ಕಚೇರಿ ಕೊಡುವುದು ಎಮರ್ಜೆನ್ಸಿ ಸರ್ಟಿಫಿಕೇಟ್. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಒಂದು ಫೋಟೋ, ಒಂದು ಮೊಹರು, ಒಂದು ಸಹಿ. ಭಾರತಕ್ಕೆ ಒಂದೇ ಒಂದು ಸಲ ಬರಲು ಅದು ಸಲ್ಲುತ್ತದೆ. ಊರು ಮುಟ್ಟಿದ ಮೇಲೆ ಅದಕ್ಕೆ ಬೆಲೆಯಿಲ್ಲ, ಅಲ್ಲಿಯ ತನಕ ಅದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿಲ್ಲ.

1.7 ಲಕ್ಷ ಜನರ ಕಾಗದ ಪತ್ರವನ್ನು ಒಬ್ಬನೇ ಮನುಷ್ಯ ನೋಡಬೇಕಾಗಿತ್ತು ಎಂದುಕೊಳ್ಳೋಣ, ತಲೆಗೆ ಒಂದೇ ನಿಮಿಷ. ನೀರಿಗೂ ಏಳದೆ, ಕಣ್ಣೂ ಮುಚ್ಚದೆ ಕೂತರೂ 118 ದಿನ ಬೇಕು. ವಿಮಾನಗಳು ಕೆಲಸ ಮುಗಿಸಿದ್ದು 59 ದಿನದಲ್ಲಿ, ಸರಿಯಾಗಿ ಅದರ ಅರ್ಧ. ಕ್ಯಾಲ್ಕುಲೇಟರ್ ಒತ್ತಿದಾಗ ಈ ಎರಡು ಸಂಖ್ಯೆಗಳು ಹೀಗೆ ಕೂಡಿಬಂದದ್ದು ಕಂಡು ನಾನು ಮತ್ತೊಮ್ಮೆ ಒತ್ತಿ ನೋಡಿದೆ. ಎರಡು ತಿಂಗಳು ನಿದ್ದೆಯಿಲ್ಲದ ಇಬ್ಬರ ಕೆಲಸ, ಅದೂ ಒಂದೊಂದು ನಿಮಿಷದ ಲೆಕ್ಕದಲ್ಲಿ. ಅಳುತ್ತ ಬಂದವಳಿಗೆ ಸಮಾಧಾನ ಹೇಳಲು ಆ ಒಂದು ನಿಮಿಷ ಸಾಕಾಗುವುದಿಲ್ಲ. ಆಗ ಕೈಯಲ್ಲಿ ಮೊಬೈಲ್ ಕೂಡ ಇರಲಿಲ್ಲ.

ಮೂವತ್ತಮೂರು ವರ್ಷದ ಮೇಲೆ, 2023ರ ಏಪ್ರಿಲ್ 15ರಂದು ಸೂಡಾನಿನಲ್ಲಿ ಗುಂಡು ಹಾರಿತು. ಸಿಕ್ಕಿಬಿದ್ದವರಲ್ಲಿ ನಮ್ಮ ಹಕ್ಕಿಪಿಕ್ಕಿ ಜನರಿದ್ದರು. ಗಿಡಮೂಲಿಕೆ ಔಷಧಿ, ತಲೆಗೆ ಹಚ್ಚುವ ಎಣ್ಣೆ ಮಾರುತ್ತ ಹುಣಸೂರು, ಶಿವಮೊಗ್ಗ, ದಾವಣಗೆರೆ ಕಡೆಯಿಂದ ಆಫ್ರಿಕಾದ ಒಳನಾಡಿನವರೆಗೆ ಹೋದವರು. ಕೆಲವರಂತೂ ರಾಜಧಾನಿ ಖಾರ್ಟೂಮಿನಿಂದಲೂ ಬಹುದೂರ, ದಾರ್ಫುರ್ ಸೀಮೆಯ ಅಲ್-ಫಶೀರ್‌ನಲ್ಲಿದ್ದರು. ಸಿಕ್ಕಿಬಿದ್ದವರನ್ನು ಕರೆತರುವ ಕಾರ್ಯಾಚರಣೆಗೆ ಸರ್ಕಾರ ಇಟ್ಟ ಹೆಸರು ಕಾವೇರಿ. ಹಡಗು ಸಿಗುವ ಪೋರ್ಟ್ ಸೂಡಾನಿಗೆ ಖಾರ್ಟೂಮಿನಿಂದಲೇ 850 ಕಿಲೋಮೀಟರ್. ದಾರಿಯುದ್ದಕ್ಕೂ ಒಂದರ ಮೇಲೊಂದು ಬಿದ್ದು ಕಾದಾಡುವ ಎರಡು ಸೇನೆಗಳು. ಬಸ್ಸಿಗೆ ಡೀಸೆಲ್ ಹುಡುಕಬೇಕು, ತಪಾಸಣೆ ಮಾಡುವ ಕಡೆಗಳಲ್ಲೆಲ್ಲ ಮಾತಾಡಿ ದಾರಿ ಬಿಡಿಸಿಕೊಳ್ಳಬೇಕು. ಮೇ 5ಕ್ಕೆ ಮುಗಿದಾಗ ಒಟ್ಟು 3,862 ಮಂದಿ ಹೊರಬಂದಿದ್ದರು.

ಅವರಲ್ಲಿ 121 ಜನರಿಗೆ ಬಂದರಿಗೆ ಹೋಗುವ ದಾರಿಯೇ ಇರಲಿಲ್ಲ, ಅವರ ನಡುವೆ ಒಬ್ಬಳು ಗರ್ಭಿಣಿ. ಖಾರ್ಟೂಮಿನ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರದ ವಾದಿ ಸೈಯಿದ್ನಾದಲ್ಲಿ ಹದಗೆಟ್ಟ ಒಂದು ರನ್‌ವೇ ಇತ್ತು. ದೀಪವಿಲ್ಲ, ಇಂಧನವಿಲ್ಲ, ದಾರಿ ತೋರುವ ಯಂತ್ರವಿಲ್ಲ. ನಮ್ಮ ರಾಯಭಾರ ಕಚೇರಿಯ ರಕ್ಷಣಾ ಅಧಿಕಾರಿಯೇ ಮುಂದೆ ನಿಂತು, ವಾಯುಪಡೆಯ ಜೊತೆ ಸಂಪರ್ಕ ಕಡಿಯದಂತೆ ನೋಡಿಕೊಳ್ಳುತ್ತ ವಾಹನಗಳ ಸಾಲನ್ನು ಅಲ್ಲಿಗೆ ಮುಟ್ಟಿಸಿದರು. ರಾತ್ರಿಯ ಕತ್ತಲಲ್ಲಿ, ಪೈಲಟ್‌ಗಳು ಕಣ್ಣಿಗೆ ಕಟ್ಟಿದ ಇರುಳುಗನ್ನಡಿಯನ್ನು ನಂಬಿ ವಿಮಾನ ಇಳಿಸಿದರು. ಎಂಜಿನ್ ಆರಿಸಲಿಲ್ಲ. ಆ ಗದ್ದಲದಲ್ಲೇ 121 ಜನ ಗಂಟುಮೂಟೆ ಹಿಡಿದು ಒಬ್ಬರ ಹಿಂದೊಬ್ಬರು ಹತ್ತಿದರು.