ಬಹುಕಾಲ ನಿಂತ ಆಟೋರಿಕ್ಷಾ ಮತ್ತೆ ಓಡೀತೆ?

ಪ್ರಶ್ನೆ: ಅನೇಕ ವರ್ಷಗಳಿಂದ ಕೊಟ್ಟಿಗೆಯಲ್ಲಿ ನಿಂತಿರುವ ನಮ್ಮ ತಂದೆಯವರ ಹಳೆಯ ಟು-ಸ್ಟ್ರೋಕ್ ಬಜಾಜ್ ಆಟೋರಿಕ್ಷಾವನ್ನು ಮತ್ತೆ ಓಡಿಸಬಹುದೆ?

ಉತ್ತರ: ನಿಶ್ಚಯವಾಗಿಯೂ ಓಡಿಸಬಹುದು, ಆದರೆ ಹೊಸ ಪೆಟ್ರೋಲ್ ಸುರಿದು ಒಡನೆಯೇ ಸ್ಟಾರ್ಟರ್ ಹಿಡಿಯನ್ನು ಎಳೆಯುವ ಆತುರವನ್ನು ತಾವು ನಿಗ್ರಹಿಸಿಕೊಳ್ಳಬೇಕು. ಇಟಲಿಯ ಪಿಯಾಜಿಯೊ ಸಂಸ್ಥೆ 1948ರಲ್ಲಿ ಹೊರತಂದ ‘ಆಪೆ’ಯ ವಂಶಕ್ಕೆ ಸೇರಿದ ಈ ವಾಹನದಲ್ಲಿ, ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯೇ ಎಂಜಿನ್ನಿನ ಅಂತರಂಗಕ್ಕೆ ಕೀಲೆಣ್ಣೆಯೂ ಆದುದರಿಂದ, ಕಾಲಾಂತರದಲ್ಲಿ ಪೆಟ್ರೋಲು ಆವಿಯಾಗಿ ಉಳಿದ ಜಿಗುಟು ಕಾರ್ಬುರೇಟರಿನ ಜೆಟ್ಟನ್ನು ಮುಚ್ಚಿರುತ್ತದೆ, ಪಿಸ್ಟನ್ ರಿಂಗುಗಳು ತುಕ್ಕಿನಿಂದ ಸಿಲಿಂಡರಿಗೆ ಅಂಟಿಕೊಂಡಿರಲೂ ಬಹುದು. ಆದಕಾರಣ ಸ್ಪಾರ್ಕ್ ಪ್ಲಗ್ಗನ್ನು ಕಳಚಿ, ಆ ರಂಧ್ರದಲ್ಲಿ ತೆಳುವಾದ ಎಣ್ಣೆಯನ್ನು ಬಿಟ್ಟು, ಒಂದೆರಡು ದಿನ ನೆನೆಯಗೊಟ್ಟು, ತರುವಾಯ ಬಲಾತ್ಕಾರವಿಲ್ಲದೆ ಎಂಜಿನ್ನನ್ನು ಕೈಯಿಂದಲೇ ತಿರುಗಿಸತಕ್ಕದ್ದು.

ಇವೆಲ್ಲಕ್ಕಿಂತಲೂ ಮುಖ್ಯವಾದುವು, ಅನೇಕರು ಉಪೇಕ್ಷಿಸುವಂಥವು, ಕ್ರ್ಯಾಂಕಿನ ಎರಡು ಪಾರ್ಶ್ವಗಳ ಆಯಿಲ್ ಸೀಲುಗಳು: ಒಣಗಿ ಗಡುಸಾದ ಸೀಲು ಹೊರಗಾಳಿಯನ್ನು ಒಳಸೇರಿಸಿ, ಇಂಧನಮಿಶ್ರಣವನ್ನು ಕ್ಷೀಣಗೊಳಿಸಿ, ಎಂಜಿನ್ನು ಉಲ್ಲಾಸದಿಂದ ಓಡುತ್ತಿರುವಂತೆ ತೋರುವಾಗಲೇ ಪಿಸ್ಟನ್ನನ್ನು ಸುಟ್ಟುಬಿಡಬಲ್ಲದು. ಅವನ್ನು ಬದಲಾಯಿಸದೆ ಚಾಲೂ ಮಾಡಕೂಡದೆಂಬುದು ನನ್ನ ದೃಢವಾದ ಅಭಿಪ್ರಾಯ. ತುಕ್ಕುಹಿಡಿದ ಟ್ಯಾಂಕು, ಮಾಸಿದ ಇಗ್ನಿಷನ್ ಪಾಯಿಂಟು, ಬಿರಿದ ಟಯರುಗಳ ಪರಿಹಾರ ಸುಲಭಸಾಧ್ಯ. ಬ್ರೇಕುಗಳ ರಬ್ಬರನ್ನು ಮಾತ್ರ ಪರೀಕ್ಷಿಸದೆ ವಾಹನವನ್ನು ಬೀದಿಗೆ ಇಳಿಸಬೇಡಿ. ಹೊಸ ಪೆಟ್ರೋಲಿಗೆ ಟು-ಸ್ಟ್ರೋಕ್ ಎಣ್ಣೆಯನ್ನು ಬೆರೆಸಲು ಮರೆಯಲೂ ಬೇಡಿ.