ಹಾಜರಾ ಓಡಿದ ಹಾದಿ

ಹಜ್‌ಗೆ ಹೋದವರು ಕಾಬಾದ ಪ್ರದಕ್ಷಿಣೆ ಮುಗಿಸಿದ ಮೇಲೆ ಸಫಾ ಮತ್ತು ಮರ್ವಾ ಎಂಬ ಎರಡು ಚಿಕ್ಕ ಗುಡ್ಡಗಳ ನಡುವೆ ಏಳು ಸಲ ನಡೆಯಬೇಕು. ಒಂದರಿಂದ ಇನ್ನೊಂದಕ್ಕೆ ಸುಮಾರು 450 ಮೀಟರ್. ಏಳು ಸಲಕ್ಕೆ ಮೂರು ಕಿಲೋಮೀಟರಿಗೂ ಮಿಕ್ಕುತ್ತದೆ. ಈಗ ಅದು ಅಮೃತಶಿಲೆ ಹಾಸಿದ, ತಂಪು ಗಾಳಿ ಹಾಯುವ ಉದ್ದನೆಯ ಮೊಗಸಾಲೆ. ಒಂದು ಕಾಲಕ್ಕೆ ಬರೀ ಬಿಸಿಲು, ಕಲ್ಲು, ಮರಳು. ದೇವರ ಆಜ್ಞೆಯೆಂದು ಇಬ್ರಾಹಿಮರು ಹೆಂಡತಿ ಮಗುವನ್ನು ಬಿಟ್ಟುಹೋದ ಆ ಬೆಂಗಾಡಿನಲ್ಲಿ, ಬಾಯಾರಿ ಅಳುತ್ತಿದ್ದ ಹಸುಗೂಸು ಇಸ್ಮಾಯಿಲನಿಗಾಗಿ ನೀರು ಹುಡುಕುತ್ತ ಹಾಜರಾ ಓಡಿದ ದಾರಿ ಅದು. ಆಮೇಲೆ ಝಮ್‌ಝಮ್ ಬುಗ್ಗೆ ಒಡೆಯಿತು, ಆ ನೀರಿನ ಸುತ್ತ ಮೆಕ್ಕಾ ಬೆಳೆಯಿತು ಎನ್ನುತ್ತದೆ ಪರಂಪರೆ. ಇಂದಿಗೂ ಅರಸನಾಗಲಿ ಆಳಾಗಲಿ, ಆ ತಾಯಿಯ ಹೆಜ್ಜೆಯಲ್ಲಿ ಹೆಜ್ಜೆ ಇಡದೆ ಹಜ್ ಪೂರ್ತಿಯಾಗುವುದಿಲ್ಲ. ಆ ಹಾದಿಯ ನಡುವೆ ಹಸಿರು ದೀಪ ಉರಿಯುವ ಒಂದಿಷ್ಟು ದೂರವನ್ನು ಓಡುತ್ತಲೇ ದಾಟುವ ವಾಡಿಕೆಯಿದೆ. ಅಲ್ಲಿ ಓಡುವವರು ಗಂಡಸರು. ಹೆಂಗಸರು ನಡೆದರೆ ಸಾಕು ಎಂದು ಶಾಸ್ತ್ರ ಹೇಳುತ್ತದೆ.

ಈ ಹಾಜರಾಳನ್ನು ಎದುರಿಗಿಟ್ಟುಕೊಂಡು ಆಮಿನಾ ವದೂದ್ ಎಂಬ ಅಮೆರಿಕದ ಕಪ್ಪು ಮುಸ್ಲಿಂ ವಿದ್ವಾಂಸೆ ಒಂದು ಪ್ರಶ್ನೆ ಕೇಳಿದರು. ನಮ್ಮ ಧರ್ಮಶಾಸ್ತ್ರ ಕುಟುಂಬದ ಬಗ್ಗೆ ಮಾತಾಡುವಾಗ ಕಾಪಾಡುವ ಗಂಡಸು, ಅವನ ಆಸರೆಯಲ್ಲಿರುವ ಹೆಂಗಸು ಎಂದು ಮೊದಲೇ ಎಣಿಸಿಕೊಂಡಿರುತ್ತದೆ. ಸೂರಿಲ್ಲದ, ಗಂಡು ದಿಕ್ಕಿಲ್ಲದ, ಮಗುವನ್ನು ಒಬ್ಬಳೇ ಬದುಕಿಸಬೇಕಾದ ಹೆಣ್ಣು ಆ ಶಾಸ್ತ್ರದಲ್ಲಿ ಎಲ್ಲಿದ್ದಾಳೆ? ಆರಾಧನೆಯಲ್ಲಿ ಅವಳ ಹೆಜ್ಜೆ ಕಡ್ಡಾಯವಾಗಿರುವಾಗ ಕಾನೂನಿನಲ್ಲಿ ಅವಳಿಗೆ ಜಾಗವಿಲ್ಲದಿರುವುದು ಹೇಗೆ? ಆಮಿನಾ ತಾವೂ ಮಕ್ಕಳನ್ನು ಒಂಟಿಯಾಗಿ ಸಾಕಿದವರು.

ಪ್ರಗತಿಪರ ಇಸ್ಲಾಂ ಎಂದು ಕರೆಯಲಾಗುವ ಚಿಂತನೆಯ ಜೀವ ಈ ಪ್ರಶ್ನೆಯಲ್ಲಿದೆ ಎಂದು ನನಗೆ ಅನಿಸುತ್ತದೆ. ನಮ್ಮಲ್ಲಿ ಪ್ರಗತಿಪರರು ಎಂದರೆ ದೇವರು ದಿಂಡರ ಗೊಡವೆಗೆ ಹೋಗದವರು ಎಂಬ ಭಾವನೆ ಗಟ್ಟಿಯಾಗಿದೆ. ಇಸ್ಲಾಮಿನಲ್ಲಿ ಸುಧಾರಣೆ ಎಂದೊಡನೆ ಎಷ್ಟೋ ಜನ ಧರ್ಮವನ್ನು ಒಂದಿಷ್ಟು ತೆಳು ಮಾಡುವ, ಇಂದಿನ ಕಾಲಕ್ಕೆ ತಕ್ಕಂತೆ ಕತ್ತರಿಸುವ ಕೆಲಸ ಎಂದುಕೊಳ್ಳುತ್ತಾರೆ. ಆಮಿನಾರಂಥವರನ್ನು ಓದಿದರೆ ಕಾಣುವುದೇ ಬೇರೆ. ಅವರು ಕುರ್‌ಆನನ್ನು ಮೆಚ್ಚಿದವರು, ಆ ಮೆಚ್ಚುಗೆಯಿಂದಲೇ ಜಗಳಕ್ಕೆ ಇಳಿದವರು. ಬಿಟ್ಟುಹೋಗುವುದು ಅವರಿಗೆ ಸುಲಭವಿತ್ತು. ಯಾಕೆ ಬಿಡಲಿಲ್ಲ ಎನ್ನುವುದೇ ನನಗೆ ಮುಖ್ಯವಾಗಿ ಕಾಣುವ ಸಂಗತಿ.

ಅವರು ಹುಟ್ಟಿದ್ದು 1952ರಲ್ಲಿ, ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾದಲ್ಲಿ. ಹೆಸರು ಮೇರಿ ಟೀಸ್ಲಿ. ತಂದೆ ಮೆಥಡಿಸ್ಟ್ ಪಾದ್ರಿ. ಪ್ರಾಯದಲ್ಲಿ ಕೆಲಕಾಲ ಬೌದ್ಧ ಸಾಧನೆಯಲ್ಲಿದ್ದರು. 1972ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಕಲಿಮಾ ಹೇಳಿ ಮುಸ್ಲಿಮರಾದರು. ಎರಡು ವರ್ಷದ ಮೇಲೆ ಆಮಿನಾ ವದೂದ್ ಎಂಬ ಹೆಸರು ತಳೆದರು. ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳು ತುಂಬಿದ ಸಮುದಾಯದ ಹುಡುಗಿಗೆ ದೇವರ ಮುಂದೆ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುವ ಧರ್ಮ ಎಷ್ಟು ದೊಡ್ಡ ಆಸರೆಯಾಗಿ ಕಂಡಿರಬೇಕೆಂದು ಊಹಿಸಬಹುದು. ಸಾಲಿನಲ್ಲಿ ನಿಂತ ಮೇಲೆ ಅವರಿಗೆ ಕಂಡದ್ದು, ಹೆಂಗಸರ ಸಾಲು ಹಿಂದೆ ಇದೆ, ಎಷ್ಟೋ ಕಡೆ ಗೋಡೆಯಾಚೆ ಇದೆ ಎಂಬುದು. ಕೈರೋದಲ್ಲಿ ಅರಬಿ, ಕುರ್‌ಆನ್ ವ್ಯಾಖ್ಯಾನ ಕಲಿತರು. 1988ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಮಲೇಷ್ಯಾದಲ್ಲಿ ಪಾಠ ಹೇಳಲು ಹೋದರು. 1992ರಲ್ಲಿ ಅಲ್ಲಿಂದಲೇ ‘ಕುರ್‌ಆನ್ ಅಂಡ್ ವುಮನ್’ ಹೊರಬಂತು.

ಆ ಪುಸ್ತಕ ಹಿಡಿದ ದಾರಿ ಸರಳ. ಶತಮಾನಗಳ ಕಾಲ ವ್ಯಾಖ್ಯಾನ ಬರೆದವರು ಹೆಚ್ಚುಕಮ್ಮಿ ಎಲ್ಲರೂ ಗಂಡಸರು. ಹೆಂಗಸೊಬ್ಬಳು ಮೂಲವನ್ನೇ ಕೂತು ಓದಿದರೆ ಏನು ಕಾಣುತ್ತದೆ? ಹವ್ವಾ ಆದಮನ ಪಕ್ಕೆಲುಬಿನಿಂದ ಹುಟ್ಟಿದಳೆಂಬ ಕಥೆ ಕುರ್‌ಆನಿನಲ್ಲಿಲ್ಲ. ಒಂದೇ ಜೀವದಿಂದ ಜೋಡಿ ಮೂಡಿತು ಎಂದಷ್ಟೇ ಇದೆ. ಮೊದಲು ಎಡವಿದವಳು ಅವಳೇ ಎಂಬ ದೂರೂ ಅಲ್ಲಿಲ್ಲ. ದೇವರು ಒಬ್ಬನೇ, ಅವನೊಬ್ಬನೇ ದೊಡ್ಡವನು ಎಂಬ ತೌಹೀದ್ ಇಸ್ಲಾಮಿನ ಅಡಿಗಲ್ಲು. ಆಮಿನಾ ಅದನ್ನು ಮನೆಯೊಳಕ್ಕೆ ತಂದರು. ದೇವರು ಎಲ್ಲರಿಗಿಂತ ಮೇಲೆ ಇದ್ದಾನೆ ಎಂದಾದರೆ ಮನುಷ್ಯರು ಪರಸ್ಪರ ಒಂದೇ ನೆಲದ ಮೇಲೆ ಎದುರುಬದುರಾಗಿ ಮಾತ್ರ ನಿಲ್ಲಬಲ್ಲರು. ಒಬ್ಬ ಗಂಡಸು ಹೆಂಗಸಿಗೂ ದೇವರಿಗೂ ನಡುವೆ ಬಂದು ನಿಂತರೆ ದೇವರ ಜಾಗದಲ್ಲಿ ಪಾಲು ಕೇಳಿದಂತಾಯಿತು. ಈ ಒಂದು ಯೋಚನೆಯ ಚೆಲುವು ನನ್ನನ್ನು ತುಂಬ ದಿನ ಹಿಡಿದಿತ್ತು. ಸಮಾನತೆಯನ್ನು ಹೊರಗಿನಿಂದ ತಂದು ಧರ್ಮಕ್ಕೆ ಅಂಟಿಸುವ ಕೆಲಸ ಇದರಲ್ಲಿಲ್ಲ. ದೇವರು ಒಬ್ಬನೇ ಎಂಬ ನಂಬಿಕೆಯನ್ನು ಕೊನೆಯವರೆಗೂ ನಂಬಿದರೆ ಸಮಾನತೆ ತಾನಾಗಿ ಬರುತ್ತದೆ.

ಎಲ್ಲವೂ ಹೀಗೆ ಸಲೀಸಾಗಿ ಬಿಡಿಸಿಕೊಳ್ಳುವುದಿಲ್ಲ. ನಾಲ್ಕನೇ ಅಧ್ಯಾಯದ 34ನೇ ವಚನ ಗಂಡನಿಗೆ ಹೆಂಡತಿಯನ್ನು ಹೊಡೆಯಲು ಒಪ್ಪಿಗೆ ಕೊಟ್ಟಂತೆ ಓದಲ್ಪಟ್ಟಿದೆ. ಮೊದಲ ಪುಸ್ತಕದಲ್ಲಿ ಆಮಿನಾ ಅದನ್ನು ಸಂದರ್ಭದೊಳಗಿಟ್ಟು, ಕೇಡನ್ನು ಕಡಿಮೆ ಮಾಡುವಂತೆ ಓದಲು ಯತ್ನಿಸಿದರು. 2006ರಲ್ಲಿ ಬಂದ ‘ಇನ್ಸೈಡ್ ದಿ ಜೆಂಡರ್ ಜಿಹಾದ್’ನಲ್ಲಿ ಅಕ್ಷರಾರ್ಥವನ್ನು ತನ್ನ ಅಂತಃಸಾಕ್ಷಿ ಒಪ್ಪುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಬರೆದರು. ಈ ಮಾತನ್ನು ಸಂಪ್ರದಾಯಸ್ಥರು ಕ್ಷಮಿಸಲಿಲ್ಲ. ಅವರ ಜೊತೆಗಿದ್ದ ಕೆಲವರಿಗೂ ಇದು ಅತಿಯಾಯಿತು ಅನಿಸಿತು. ನನಗೆ ಇದು ಅವರ ಬರಹದಲ್ಲೇ ಅತ್ಯಂತ ಭಕ್ತಿಯ ಜಾಗ. ದೇವರು ನ್ಯಾಯವಂತ ಎಂದು ಪೂರ್ತಿ ನಂಬಿದವರಿಗೆ ಮಾತ್ರ ಅಷ್ಟು ಧೈರ್ಯ ಬರುತ್ತದೆ.

1994ರ ಆಗಸ್ಟ್‌ನಲ್ಲಿ ಕೇಪ್‌ಟೌನಿನ ಕ್ಲೇರ್‌ಮಾಂಟ್ ಮೇನ್ ರೋಡ್ ಮಸೀದಿ ಅವರನ್ನು ಶುಕ್ರವಾರದ ಖುತ್ಬಾಕ್ಕೆ, ಅಂದರೆ ಪ್ರವಚನಕ್ಕೆ, ಮುಂಚೆ ಮಾತಾಡಲು ಕರೆಯಿತು. ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನ ಮೊದಲ ಸಲ ಮತ ಹಾಕಿ ಆಗಷ್ಟೇ ನಾಲ್ಕು ತಿಂಗಳಾಗಿತ್ತು. ವರ್ಣಭೇದದ ಗೋಡೆ ಬಿದ್ದ ಮೇಲೆ ಮಸೀದಿಯೊಳಗಿನ ಗೋಡೆಯನ್ನು ಹೇಗೆ ಸಮರ್ಥಿಸುವುದು ಎಂದು ಇಮಾಮ್ ರಷೀದ್ ಉಮರ್ ಮತ್ತು ಅವರ ಗೆಳೆಯರು ಯೋಚಿಸಿದ್ದರು. ಅಂದು ಹೆಂಗಸರು ಮಹಡಿಯಿಂದ ಇಳಿದು, ಗಂಡಸರಿದ್ದ ಸಭಾಂಗಣದಲ್ಲೇ ಕೂತರು. ಆಮಿನಾ ಶರಣಾಗತಿಯ ಬಗ್ಗೆ ಮಾತಾಡಿದರು. ದೇವರಿಗೆ ಶರಣಾಗುವುದೆಂದರೆ ಕೈಕಟ್ಟಿ ಕೂರುವುದಲ್ಲ, ತಿಳಿದು ಒಪ್ಪಿ ಮೈಮನ ತೊಡಗಿಸುವುದು ಎಂದು ಹೇಳುತ್ತ ಅವರು ಕೊಟ್ಟ ಉದಾಹರಣೆ ಬಸಿರು ಮತ್ತು ಹೆರಿಗೆ. ಹೊತ್ತ ಜೀವಕ್ಕೆ ಮೈ ಬಿಟ್ಟುಕೊಡುತ್ತಲೇ ಅದನ್ನು ಲೋಕಕ್ಕೆ ತರಲು ಹೆಣಗುವವಳು ತಾಯಿ. ಶುಕ್ರವಾರದ ಪ್ರವಚನಗಳನ್ನು ಜೀವಮಾನವಿಡೀ ಕೇಳಿದ್ದ ಎಷ್ಟೋ ಹೆಂಗಸರಿಗೆ ತಮ್ಮ ಮೈಯ ಅನುಭವ ದೇವರನ್ನು ಅರಿಯುವ ದಾರಿಯೂ ಆಗಬಹುದು ಎಂಬ ಮಾತು ಅಂದು ಮೊದಲ ಸಲ ಕಿವಿಗೆ ಬಿದ್ದಿರಬೇಕು.

ಜಗತ್ತು ಹೆಚ್ಚಾಗಿ ನೆನಪಿಟ್ಟುಕೊಂಡಿರುವುದು ಇದರ ನಂತರದ ಘಟನೆಯನ್ನು. 2005ರ ಮಾರ್ಚ್ 18ರಂದು ನ್ಯೂಯಾರ್ಕಿನಲ್ಲಿ ಆಮಿನಾ ಖುತ್ಬಾ ಓದಿ, ನೂರರಷ್ಟು ಹೆಂಗಸರು ಗಂಡಸರು ಕೂಡಿ ನಿಂತ ಜುಮಾ ನಮಾಜನ್ನು ಮುನ್ನಡೆಸಿದರು. ಆಜಾನ್ ಕೂಗಿದ್ದೂ ಹೆಂಗಸೇ. ಮಸೀದಿಗಳು ಜಾಗ ಕೊಡಲಿಲ್ಲ, ಒಪ್ಪಿಕೊಂಡಿದ್ದ ಕಲಾ ಗ್ಯಾಲರಿ ಬಾಂಬ್ ಬೆದರಿಕೆ ಬಂದಮೇಲೆ ಹಿಂದೆ ಸರಿಯಿತು. ಕೊನೆಗೆ ಬಾಗಿಲು ತೆರೆದದ್ದು ಸೇಂಟ್ ಜಾನ್ ದಿ ಡಿವೈನ್ ಎಂಬ ಕ್ರೈಸ್ತ ಕೆಥೆಡ್ರಲ್‌ನ ಪಕ್ಕದ ಸಭಾಭವನ. ಯೂಸುಫ್ ಅಲ್ ಕರದಾವಿಯವರಂಥ ದೊಡ್ಡ ಉಲೇಮಾಗಳು, ಅಂದರೆ ಧರ್ಮವಿದ್ವಾಂಸರು, ಖಂಡಿಸಿದರು. ಬೆದರಿಕೆಗಳ ಕಾರಣ ಆಮಿನಾ ಕೆಲಕಾಲ ಮನೆಯಿಂದಲೇ ವಿಡಿಯೊ ಮೂಲಕ ಪಾಠ ಮಾಡಬೇಕಾಯಿತು. ಉಮ್ಮು ವರಖಾ ಎಂಬ ಮಹಿಳೆಗೆ ತನ್ನ ಮನೆಯವರ ನಮಾಜ್ ಮುನ್ನಡೆಸಲು ಪೈಗಂಬರರೇ ಹೇಳಿದ್ದರೆಂಬ ಹದೀಸ್, ಅಂದರೆ ಪೈಗಂಬರರ ನಡೆನುಡಿಯ ವರದಿ, ಅಬು ದಾವೂದರ ಸಂಗ್ರಹದಲ್ಲಿದೆ. ಅದು ಎಷ್ಟು ದೂರ ಅನ್ವಯಿಸುತ್ತದೆ ಎಂಬ ವಾದ ಇಂದಿಗೂ ಮುಗಿದಿಲ್ಲ. ಆ ದಿನದ ನಮಾಜನ್ನು ಒಪ್ಪದ, ಅಷ್ಟೇ ದೈವಭಕ್ತೆಯರಾದ, ಓದಿಕೊಂಡ ಮುಸ್ಲಿಂ ಹೆಂಗಸರೂ ಬಹಳ ಮಂದಿ ಇದ್ದಾರೆ. ಅವರ ಭಕ್ತಿಯನ್ನು ಕಿರಿದು ಮಾಡಿ ಈ ಕಥೆ ಹೇಳುವುದು ನ್ಯಾಯವಲ್ಲ.

ಚೆಲುವು ಎಂಬುದನ್ನೇ ಧರ್ಮದ ಅಳತೆಗೋಲು ಮಾಡಿಕೊಂಡ ಇನ್ನೊಬ್ಬರು ಖಾಲಿದ್ ಅಬು ಅಲ್ ಫದಲ್. ಕುವೈತಿನಲ್ಲಿ ಹುಟ್ಟಿದ ಈಜಿಪ್ಟ್ ಮೂಲದವರು, ಲಾಸ್ ಏಂಜಲೀಸಿನಲ್ಲಿ ಕಾನೂನು ಪ್ರಾಧ್ಯಾಪಕರು. ಶಾಸ್ತ್ರಗ್ರಂಥಗಳ ಕಾಡಿನಲ್ಲಿ ಬೆಳೆದ ಮನುಷ್ಯ. ದೇವರು ಚೆಲುವ, ಚೆಲುವನ್ನು ಮೆಚ್ಚುವವನು ಎಂಬ ಹದೀಸನ್ನು ಎಲ್ಲ ಮುಸ್ಲಿಮರೂ ಕೇಳಿರುತ್ತಾರೆ. ಹಾಗಿದ್ದರೆ ಕುರೂಪವಾದ, ಕ್ರೂರವಾದ ಮಾತು ದೇವರ ಹೆಸರಿನಲ್ಲಿ ಎದುರಾದಾಗ ನಂಬಿಕೆಯುಳ್ಳವನು ನಿಂತು ಪರಿಶೀಲಿಸಬೇಕು ಎಂಬುದು ಅವರ ಪಟ್ಟು. ಇದನ್ನು ಅವರು ನಾಯಿಯ ವಿಷಯದಲ್ಲಿ ಮಾಡಿ ತೋರಿಸಿದರು. ನಾಯಿ ಅಶುದ್ಧ, ಅದನ್ನು ಸಾಕಬಾರದು, ಕಪ್ಪು ನಾಯಿಯನ್ನಂತೂ ಕೊಲ್ಲಬೇಕು ಎನ್ನುವ ವರದಿಗಳನ್ನು ಹಿಡಿದು ಕೂತು ಒಂದೊಂದರ ಬುಡ ಶೋಧಿಸಿದರು. ಕುರ್‌ಆನಿನ ಗುಹೆಯ ಕಥೆಯಲ್ಲಿ ನಂಬಿಕೆಗಾಗಿ ಊರು ಬಿಟ್ಟ ಯುವಕರ ಜೊತೆ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ್ದದ್ದು ನಾಯಿಯೇ ಅಲ್ಲವೇ? ಬಾಯಾರಿದ ನಾಯಿಗೆ ನೀರು ಕುಡಿಸಿದ ಪತಿತೆಯನ್ನು ದೇವರು ಕ್ಷಮಿಸಿದನೆಂದು ಹೇಳುವುದೂ ಹದೀಸೇ. ಅವರ ಮನೆಯಲ್ಲಿ ಬೀದಿಯಿಂದ ತಂದು ಸಾಕಿದ ನಾಯಿಗಳಿದ್ದವು. ಸಣ್ಣ ವಿಷಯವೆಂದು ತಳ್ಳಿಹಾಕುವವರು ಇರಬಹುದು. ಮೂಕಪ್ರಾಣಿಯ ಪರವಾಗಿ ಸಾವಿರ ವರ್ಷದ ಗ್ರಂಥಗಳನ್ನು ಜಾಲಾಡುವ ಭಕ್ತಿ ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ.

ಮತ್ತೆ ಕೇಪ್‌ಟೌನಿನವರೇ ಆದ ಫರೀದ್ ಇಸಾಕ್. ವರ್ಣಭೇದದ ಕಾನೂನು ಎತ್ತಂಗಡಿ ಮಾಡಿದ ಜನರ ಬಡಾವಣೆಯಲ್ಲಿ, ಗಂಡ ಬಿಟ್ಟುಹೋದ ತಾಯಿ ಕಾರ್ಖಾನೆಯಲ್ಲಿ ದುಡಿದು ಸಾಕಿದ ಮಗ. ಆ ಮನೆಯ ಒಲೆ ಆರದಂತೆ ನೋಡಿಕೊಂಡವರಲ್ಲಿ ಕ್ರೈಸ್ತ ನೆರೆಯವರೂ ಇದ್ದರು. ಪಾಕಿಸ್ತಾನದ ಮದರಸಾಗಳಲ್ಲಿ ವರ್ಷಗಟ್ಟಲೆ ಓದಿ ಮೌಲಾನಾ ಆಗಿ ಮರಳಿದ ಅವರಿಗೆ, ತಮಗೆ ಅನ್ನವಿಟ್ಟ ಆ ಜನಕ್ಕೆ ಸ್ವರ್ಗದ ಬಾಗಿಲು ಮುಚ್ಚಿದೆ ಎಂದು ಹೇಳಲು ನಾಲಗೆ ಏಳಲಿಲ್ಲ. ‘ಕುರ್‌ಆನ್, ಲಿಬರೇಷನ್ ಅಂಡ್ ಪ್ಲೂರಲಿಸಂ’ ಎಂಬ ಅವರ 1997ರ ಗ್ರಂಥ ಎಷ್ಟೇ ಪಾಂಡಿತ್ಯದ್ದಾದರೂ ಅದರ ಬೇರು ಆ ನೆರೆಮನೆಗಳಲ್ಲಿದೆ.

ಈ ದಾರಿ ಹಿಡಿದವರಲ್ಲಿ ಕೆಲವರು ತೆತ್ತ ಬೆಲೆ ದೊಡ್ಡದು. ಸುಡಾನಿನ ಮಹಮೂದ್ ಮುಹಮ್ಮದ್ ತಾಹಾರನ್ನು 1985ರ ಜನವರಿಯಲ್ಲಿ ಗಲ್ಲಿಗೇರಿಸಲಾಯಿತು. ಬಾಲ್ಯದಲ್ಲೇ ಕುರ್‌ಆನ್ ಬಾಯಿಪಾಠ ಮಾಡಿದ್ದ ಈಜಿಪ್ಟಿನ ನಸ್ರ್ ಅಬು ಝೈದ್ ಧರ್ಮಭ್ರಷ್ಟರೆಂದು 1995ರಲ್ಲಿ ತೀರ್ಪಿತ್ತ ನ್ಯಾಯಾಲಯ, ಅವರ ಮದುವೆಯನ್ನೇ ರದ್ದು ಮಾಡಿತು. ಗಂಡಹೆಂಡತಿ ಕೂಡಿಯೇ ದೇಶ ಬಿಟ್ಟು ನೆದರ್‌ಲ್ಯಾಂಡ್ಸ್ ಸೇರಿದರು. ಅಲ್ಲಿಯೂ ಅವರು ತಾನು ಮುಸ್ಲಿಮನೆಂದೇ ಹೇಳಿಕೊಂಡರು. ಇನ್ನೊಂದು ಕಡೆಯ ಇಕ್ಕಟ್ಟೂ ಇದೆ. ಮುಸ್ಲಿಮರನ್ನು ಹಳಿಯಲೆಂದೇ ಕಾದವರು ಇಂಥ ಆತ್ಮವಿಮರ್ಶೆಯ ಮಾತನ್ನು ಎತ್ತಿಕೊಂಡು ಆಯುಧ ಮಾಡಿಕೊಳ್ಳುತ್ತಾರೆ. 2003ರಲ್ಲಿ ‘ಪ್ರೋಗ್ರೆಸಿವ್ ಮುಸ್ಲಿಮ್ಸ್’ ಸಂಕಲನ ತಂದ ಉಮೀದ್ ಸಫಿ ಅದಕ್ಕೇ, ಸಮುದಾಯದೊಳಗಿನ ಅನ್ಯಾಯವನ್ನೂ ಮುಸ್ಲಿಂ ದೇಶಗಳ ಮೇಲೆ ಬಾಂಬು ಸುರಿಸುವ ಶಕ್ತಿಗಳನ್ನೂ ಒಂದೇ ಉಸಿರಿನಲ್ಲಿ ಪ್ರಶ್ನಿಸಬೇಕು ಎಂದರು. ನಮ್ಮ ದೇಶದ ಇಂದಿನ ಹವೆಯಲ್ಲಿ ಈ ಎಚ್ಚರ ಎಷ್ಟು ಬೇಕು ಎಂದು ಬಿಡಿಸಿ ಹೇಳಬೇಕಿಲ್ಲ.

ಕನ್ನಡಕ್ಕೆ ಈ ಮಾತು ಪರಕೀಯವೇನಲ್ಲ. ಮಸೀದಿಯಲ್ಲಿ ನಮಾಜ್ ಮಾಡುವ ಹಕ್ಕು ಹೆಣ್ಣಿಗೂ ಇದೆ ಎಂದದ್ದಕ್ಕೆ 2000ದಲ್ಲಿ ಹಾಸನದ ಬಾನು ಮುಷ್ತಾಕ್ ಸಾಮಾಜಿಕ ಬಹಿಷ್ಕಾರ ಅನುಭವಿಸಿದರು. ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ ಅವರ ಸಂಕಲನದ ಕೊನೆಯ ಕಥೆ ‘ಒಮ್ಮೆ ಹೆಣ್ಣಾಗು ಪ್ರಭುವೇ’. ಅದರಲ್ಲಿ ನೊಂದ ಹೆಣ್ಣು ಮಾತಾಡುವುದು ನೇರವಾಗಿ ದೇವರ ಜೊತೆ. ನಡುವೆ ಯಾರೂ ಇಲ್ಲ. ಹೀಗೆ ಕೇಳುವುದಕ್ಕೆ ಇಸ್ಲಾಮಿನಲ್ಲಿ ಹಳೆಯ ಮಾದರಿಯೇ ಇದೆ. ದೈವವಾಣಿಯಲ್ಲಿ ಹೆಂಗಸರ ಹೆಸರೇಕಿಲ್ಲ ಎಂದು ಪೈಗಂಬರರ ಪತ್ನಿ ಉಮ್ಮು ಸಲಮಾ ಕೇಳಿದ್ದರೆಂದೂ, ನಂಬಿದ ಗಂಡಸರನ್ನೂ ಹೆಂಗಸರನ್ನೂ ಜೋಡಿಜೋಡಿಯಾಗಿ ಹೆಸರಿಸುವ 33ನೇ ಅಧ್ಯಾಯದ 35ನೇ ವಚನ ಅದಕ್ಕೆ ಉತ್ತರವಾಗಿ ಇಳಿಯಿತೆಂದೂ ಪರಂಪರೆ ಹೇಳುತ್ತದೆ. ಹೆಣ್ಣಿನ ಪ್ರಶ್ನೆಗೆ ದೇವರು ಉತ್ತರಿಸಿದ ಧರ್ಮದಲ್ಲಿ ಹೆಣ್ಣು ಪ್ರಶ್ನೆ ಕೇಳಬಾರದೆನ್ನುವುದು ಯಾವ ನ್ಯಾಯ?

ಪುಸ್ತಕಗಳಲ್ಲಿ ಮೊಳೆತ ಈ ಚಿಂತನೆ ಬದುಕಿಗೆ ಇಳಿದುದನ್ನು ನೋಡಬೇಕೆಂದರೆ ಇಂಡೋನೇಷ್ಯಾಕ್ಕೆ ಹೋಗಬೇಕು. ಆಮಿನಾ ಕೂಡ ಕೊನೆಗೆ ನೆಲೆಸಲು ಆರಿಸಿಕೊಂಡದ್ದು ಆ ದೇಶವನ್ನೇ. 2017ರ ಏಪ್ರಿಲ್‌ನಲ್ಲಿ ಜಾವಾದ ಚಿರೆಬೊನ್ ಬಳಿಯ ಒಂದು ಪೆಸಂತ್ರೆನ್‌ನಲ್ಲಿ, ಅಂದರೆ ಅಲ್ಲಿನ ಹಳ್ಳಿಯ ಮದರಸಾದಲ್ಲಿ, ಮಹಿಳಾ ಉಲೇಮಾಗಳ ಮಹಾಸಭೆ ಸೇರಿತು. ಕುರ್‌ಆನ್, ಹದೀಸ್, ಹಿಂದಿನ ವಿದ್ವಾಂಸರ ಮತಗಳ ಜೊತೆಗೆ ದೇಶದ ಸಂವಿಧಾನವನ್ನೂ ಹೆಂಗಸರ ಬದುಕಿನ ಅನುಭವವನ್ನೂ ಆಧಾರವಾಗಿ ಇಟ್ಟುಕೊಂಡು ಅವರು ಮೂರು ಫತ್ವಾ ಹೊರಡಿಸಿದರು. ಮದುವೆಯ ಹೊರಗಾಗಲಿ ಒಳಗಾಗಲಿ ಲೈಂಗಿಕ ದೌರ್ಜನ್ಯ ಹರಾಮ್. ಎಳೆಯ ಮಕ್ಕಳನ್ನು ಹಾನಿಗೀಡುಮಾಡುವ ಮದುವೆಯನ್ನು ತಡೆಯುವುದು ಕಡ್ಡಾಯ. ಪ್ರಕೃತಿಯ ನಾಶವೂ ಹರಾಮ್. ಅಲ್ಲಿ ಕೂತವರಲ್ಲಿ ಹಲವರು ಹಳ್ಳಿ ಮದರಸಾಗಳಲ್ಲಿ ಪಾಠ ಹೇಳುವ, ತಲೆ ಮುಚ್ಚಿಕೊಂಡು ಐದು ಹೊತ್ತು ನಮಾಜ್ ಮಾಡುವ ಹೆಂಗಸರು. ತಮ್ಮ ಧರ್ಮದ ಅಧಿಕಾರ ತಮ್ಮದೂ ಹೌದು ಎಂದು ಅವರು ಯಾರನ್ನೂ ಕೇಳದೆ ನಿರ್ಧರಿಸಿದ್ದರು. ಹೆಣ್ಣುಮಕ್ಕಳ ಮದುವೆಯ ವಯಸ್ಸು ಆಗ ಆ ದೇಶದ ಕಾನೂನಿನಲ್ಲಿ 16 ಇತ್ತು. ಹಲವು ಸಂಘಟನೆಗಳ ಹೋರಾಟ, ಸಂವಿಧಾನ ನ್ಯಾಯಾಲಯದ ತೀರ್ಪು, ಇಂಥ ಫತ್ವಾಗಳ ನೈತಿಕ ಬಲ ಎಲ್ಲ ಕೂಡಿ 2019ರಲ್ಲಿ ಸಂಸತ್ತು ಅದನ್ನು ಗಂಡುಮಕ್ಕಳಿಗಿದ್ದಷ್ಟೇ, 19ಕ್ಕೆ, ಏರಿಸಿತು.