ಮಂಡ್ಯದ ಮನೆಯೊಳಗೊಂದು ಪುಟ್ಟ ಕಡಲು

ಮಂಡ್ಯ ಜಿಲ್ಲೆಯಲ್ಲಿ ಕಡಲು ಇರುವುದು ಹೆಸರುಗಳಲ್ಲಿ ಮಾತ್ರ: ಕೃಷ್ಣರಾಜಸಾಗರ, ಶಿವನಸಮುದ್ರ. ಆದರೂ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಕ್ಲೌನ್ ಮೀನನ್ನು ಸಾಕುವ ಆಸೆ ಮದ್ದೂರು, ಮಳವಳ್ಳಿಯ ಮಕ್ಕಳಿಗೂ ಇದೆ. 2003ರಲ್ಲಿ ಬಂದ ‘ಫೈಂಡಿಂಗ್ ನೀಮೋ’ ಚಿತ್ರ ನೋಡಿದವರನ್ನಂತೂ ಕೇಳುವುದೇ ಬೇಡ.

ಆಸೆ ತಪ್ಪಲ್ಲ. ಮೀನನ್ನು ಮೊದಲು ಕೊಂಡು ಸಲಕರಣೆಯನ್ನು ಆಮೇಲೆ ಯೋಚಿಸುವುದು ತಪ್ಪು. ಈ ತಪ್ಪನ್ನು ನಾನೂ ಮಾಡಿದ್ದೇನೆ. ತೊಟ್ಟಿಗೆ ಉಪ್ಪುನೀರು ತುಂಬಿದ ಮರುದಿನವೇ ನಾಲ್ಕು ಮೀನು ಬಿಟ್ಟೆ. ಹತ್ತೇ ದಿನದಲ್ಲಿ ನಾಲ್ಕೂ ಸತ್ತವು. ನೀರು ಮಾತ್ರ ತಿಳಿಯಾಗಿಯೇ ಇತ್ತು! ವಿಜ್ಞಾನದ ಮೇಷ್ಟ್ರಾಗಿ ಮಕ್ಕಳ ಮುಂದೆ ತಲೆ ಎತ್ತಲಾಗಲಿಲ್ಲ.

ತೊಟ್ಟಿ ಎಷ್ಟು ದೊಡ್ಡದು?

ಚಿಕ್ಕದಾದರೆ ಸುಲಭವೆಂದು ಅನೇಕರು ತಿಳಿಯುತ್ತಾರೆ. ನಿಜ ಇದಕ್ಕೆ ವಿರುದ್ಧ. ನೀರು ಕಡಿಮೆಯಿದ್ದಷ್ಟೂ ಶಾಖ, ಉಪ್ಪು, ಕಲ್ಮಶ ಬೇಗ ಏರುಪೇರಾಗುತ್ತವೆ. ಮೂರಡಿ ಉದ್ದ, ಒಂದೂಕಾಲು ಅಡಿ ಅಗಲ ಮತ್ತು ಎತ್ತರದ ತೊಟ್ಟಿ ಸುಮಾರು 130 ಲೀಟರ್ ಹಿಡಿಯುತ್ತದೆ. ಮೊದಲ ಸಲಕ್ಕೆ ಇದು ಸರಿ. ನೀರೇ 130 ಕಿಲೋ ತೂಗುವುದರಿಂದ ಸ್ಟ್ಯಾಂಡ್ ಗಟ್ಟಿಯಾಗಿರಲಿ.

ಉಪ್ಪು ಮತ್ತು ಅಳತೆ

ಅಡುಗೆ ಉಪ್ಪು ಕರಗಿಸಿದರೆ ಸಮುದ್ರದ ನೀರಾಗದು. ಕಡಲಿನ ಲವಣದಲ್ಲಿ ಸೋಡಿಯಂ ಕ್ಲೋರೈಡ್ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು; ಉಳಿದದ್ದು ಮೆಗ್ನೀಷಿಯಂ, ಕ್ಯಾಲ್ಸಿಯಂ, ಸಲ್ಫೇಟ್ ಮುಂತಾದವು. ಆದ್ದರಿಂದ ಅಕ್ವೇರಿಯಂಗೆಂದೇ ಮಾರುವ ಲವಣ ಮಿಶ್ರಣ ಬೇಕು: 100 ಲೀಟರಿಗೆ ಮೂರೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು. ಗಡಸು ಬೋರ್‌ವೆಲ್ ನೀರಿನ ಬದಲು ಆರ್‌ಓ ನೀರಿನಲ್ಲಿ ಕರಗಿಸಿ, ಹೈಡ್ರೋಮೀಟರ್ ಅಥವಾ ರಿಫ್ರಾಕ್ಟೋಮೀಟರ್‌ನಿಂದ ಅಳೆಯಿರಿ. ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರಲಿ.

ನೀರು ಆವಿಯಾದಾಗ ಉಪ್ಪು ಹಿಂದೆಯೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟಕ್ಕೆ ಸಿಹಿನೀರನ್ನೇ ತುಂಬಬೇಕು.

ಕಾಣದ ಕೆಲಸಗಾರರು

ನನ್ನ ಮೀನುಗಳನ್ನು ಕೊಂದದ್ದು ಅಮೋನಿಯಾ. ಮೀನಿನ ವಿಸರ್ಜನೆಯಿಂದ, ಕೊಳೆತ ಆಹಾರದಿಂದ ಬರುವ ಈ ವಿಷ ಕಣ್ಣಿಗೆ ಕಾಣದು. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಫಿಲ್ಟರ್ ಎಂದರೆ ಇವುಗಳ ಮನೆ. ಮನೆ ಕಟ್ಟಿದ ದಿನವೇ ಸಂಸಾರ ತುಂಬುವುದಿಲ್ಲ. ನಾಲ್ಕರಿಂದ ಆರು ವಾರ ಬೇಕು. ಖಾಲಿ ತೊಟ್ಟಿಗೆ ಒಂದು ಚೂರು ಸಿಗಡಿ ಹಾಕಿ, ಟೆಸ್ಟ್ ಕಿಟ್‌ನಿಂದ ಅಳೆಯುತ್ತಾ ಬನ್ನಿ. ಅಮೋನಿಯಾ ಏರಿ ಇಳಿಯುತ್ತದೆ, ಹಿಂದೆಯೇ ನೈಟ್ರೈಟ್ ಕೂಡ. ಎರಡೂ ಸೊನ್ನೆಗೆ ಬಂದ ಮೇಲೆಯೇ ಮೀನಿನ ಮಾತು.

ಪ್ರೋಟೀನ್ ಸ್ಕಿಮ್ಮರ್ ಎಂಬ ಇನ್ನೊಂದು ಸಾಧನವಿದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೇಳುವ ನೊರೆಯೊಂದಿಗೆ ಕೊಳೆ ತೆಗೆಯುವುದನ್ನು ನೋಡಿದ್ದೀರಲ್ಲ? ಇಲ್ಲಿ ಕುದಿಸುವ ಬದಲು ಸಣ್ಣ ಗಾಳಿಗುಳ್ಳೆಗಳು ಕಲ್ಮಶವನ್ನು ಅಂಟಿಸಿಕೊಂಡು ನೊರೆಯಾಗಿ ಮೇಲೆ ತರುತ್ತವೆ.

ಬಿಸಿಲು ಮತ್ತು ಕರೆಂಟು

ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ನಮ್ಮ ಬೇಸಿಗೆಗೆ ಹೀಟರ್‌ಗಿಂತ ಸಣ್ಣ ಫ್ಯಾನ್ ಮುಖ್ಯ. ಮೇಲ್ಮೈಗೆ ಗಾಳಿ ಬೀಸಿದರೆ ನೀರು ಆವಿಯಾಗುತ್ತಾ ತಣ್ಣಗಾಗುತ್ತದೆ. ಮಣ್ಣಿನ ಗಡಿಗೆಯ ತತ್ವವೇ ಇದು. ಹೀಟರ್ ಬೇಕೆನಿಸುವುದು ಚಳಿಗಾಲದ ರಾತ್ರಿಗಳಲ್ಲಿ ಮಾತ್ರ.

ಶಿವನಸಮುದ್ರದ ವಿದ್ಯುತ್ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು. ನಮ್ಮ ಮನೆಗಳಲ್ಲಿ ಕರೆಂಟು ಕೈಕೊಡುವುದು ಮಾತ್ರ ಇನ್ನೂ ನಿಂತಿಲ್ಲ! ಉಪ್ಪುನೀರಿನಲ್ಲಿ ಕರಗುವ ಆಮ್ಲಜನಕ ಸಿಹಿನೀರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ. ಆದ್ದರಿಂದ ಬ್ಯಾಟರಿಯ ಏರ್ ಪಂಪ್ ಒಂದಿರಲೇಬೇಕು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಅಪ್ಪ ಅಮ್ಮಂದಿರು ಪ್ಲಗ್ಗುಗಳನ್ನು ನೀರು ತಾಗದಂತೆ ಹಾಕಿಸಿ, ಕೈ ಹಾಕುವ ಮುನ್ನ ಸ್ವಿಚ್ ಆರಿಸುವುದನ್ನು ಕಲಿಸಬೇಕು.

ಹವಳ ಬೇಡ

ಅಲಂಕಾರಕ್ಕೆ ಹವಳ, ಸಮುದ್ರಕುದುರೆ ಕೊಳ್ಳಬೇಡಿ. 2001ರಿಂದ ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕ್ಲೌನ್ ಮೀನನ್ನು ಕಡಲಿನಿಂದ ಹಿಡಿಯಬೇಕಾಗಿಯೂ ಇಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ತೊಟ್ಟಿಯಲ್ಲೇ ಅವುಗಳ ಮರಿ ಮಾಡಿಸಿ ತೋರಿಸಿದೆ. ಅಂಗಡಿಯಲ್ಲಿ ತೊಟ್ಟಿಯಲ್ಲೇ ಹುಟ್ಟಿದ ಮೀನನ್ನು ಕೇಳಿ.

ಪೋಷಕರಿಗೊಂದು ಮಾತು. ಮಗ, ಮಗಳು ಹಟ ಹಿಡಿದರೆ ಮೊದಲು ತೊಟ್ಟಿ, ಫಿಲ್ಟರ್, ಟೆಸ್ಟ್ ಕಿಟ್ ಜೊತೆಗೊಂದು ನೋಟ್ ಪುಸ್ತಕ ಕೊಡಿಸಿ. ದಿನವೂ ಬರಿ ನೀರನ್ನು ಅಳೆದು ಬರೆಯಲಿ. ತಿಂಗಳು ದಾಟಿದರೂ ಬೇಸರವಾಗದಿದ್ದರೆ ಆ ಮಗುವಿನ ಕೈಗೆ ಒಂದು ಜೀವವನ್ನು ಧೈರ್ಯವಾಗಿ ಕೊಡಬಹುದು. ನಾನು ಅಷ್ಟು ದಿನ ಕಾದಿದ್ದರೆ ನಾಲ್ಕು ಮೀನು ಉಳಿಯುತ್ತಿದ್ದವು.